ಅಪ್ಪನಿಗಿದ್ದ ನೋಂದಣಿ ನಂಬರ್ ಮಗನಿಗೆ ಯಾಕಿಲ್ಲ?

ಮಂಗಳೂರು, ಉಡುಪಿ ಕಡೆ ಕೈ ಮುರಿದರೆ ಕೆಲವರು ಇವತ್ತಿಗೂ ಎರಡು ಕಡೆ ಹೋಗುತ್ತಾರೆ. ಮೊದಲು ಆಸ್ಪತ್ರೆಗೆ, ಎಕ್ಸ್‌ರೇ ತೆಗೆಸಲು. ಆಮೇಲೆ ಆ ಫಿಲ್ಮ್ ಹಿಡಿದುಕೊಂಡು ಎಲುಬು ಕಟ್ಟುವವರ ಮನೆಗೆ. ಕಾಮಾಲೆಗೆ ಒಬ್ಬರು, ಸರ್ಪಸುತ್ತಿಗೆ ಇನ್ನೊಬ್ಬರು ಅಂತ ಊರೂರಲ್ಲೂ ಹೆಸರು ಮಾಡಿದವರಿದ್ದಾರೆ. ಹೆಚ್ಚಿನವರಿಗೆ ಈ ವಿದ್ಯೆ ಬಂದಿದ್ದು ಅಪ್ಪನಿಂದ, ಅಜ್ಜನಿಂದ. ಆ ಅಜ್ಜ ಕಾನೂನು ಪ್ರಕಾರವೇ ವೈದ್ಯರಾಗಿದ್ದಿರಬಹುದು. ಮೊಮ್ಮಗ ಅದೇ ಪಟ್ಟಿ ಕಟ್ಟಿದರೂ ಅದೇ ಕಾನೂನಿಗೆ ನಕಲಿ ವೈದ್ಯ. ಇದು ಹೇಗಾಯಿತು ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1880ರಲ್ಲಿ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ಶುರು ಮಾಡಿದರು. ಇಂಥ ಕೆಲಸಕ್ಕೆ ಲೈಸೆನ್ಸ್ ಕೇಳುವ ಕಾನೂನೇ ಆಗ ಇರಲಿಲ್ಲ. ನಾಟಿ, ಆಯುರ್ವೇದ ಮದ್ದು ಕೊಡುವ ಪಂಡಿತರನ್ನೂ ಯಾರೂ ಲೈಸೆನ್ಸ್ ಕೇಳುತ್ತಿರಲಿಲ್ಲ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ ಅದು. 1914ರಲ್ಲಿ ಮದ್ರಾಸ್ ಸರಕಾರ ವೈದ್ಯರ ನೋಂದಣಿಗೆ ಕಾಯ್ದೆ ತಂದಿತು. ಆದರೆ ಅದು ಇಂಗ್ಲಿಷ್ ಮದ್ದಿನ ಡಾಕ್ಟರುಗಳಿಗೆ ಮಾತ್ರ. ಪಂಡಿತರಿಗೆ ಬೇಡ ಅಂತ ಹೇಳಲಿಲ್ಲ, ಲೆಕ್ಕಕ್ಕೂ ಇಟ್ಟುಕೊಳ್ಳಲಿಲ್ಲ. ಈ ತಾತ್ಸಾರಕ್ಕೆ ಜೋರು ವಿರೋಧ ಬಂತು. 1921ರಲ್ಲಿ ದೇಶೀ ವೈದ್ಯದ ಬಗ್ಗೆ ವರದಿ ಕೊಡಲು ಉಸ್ಮಾನ್ ಸಮಿತಿ ನೇಮಕವಾಯಿತು, 1925ರಲ್ಲಿ ಮದ್ರಾಸಿನಲ್ಲಿ ದೇಶೀ ವೈದ್ಯದ ಸರಕಾರಿ ಶಾಲೆ ತೆರೆಯಿತು. ಪಾಠ, ಪರೀಕ್ಷೆ, ಸರ್ಟಿಫಿಕೇಟ್ ಎಂಬ ದಾರಿಗೆ ದೇಶೀ ವೈದ್ಯ ಬಂದಿದ್ದು ಹೀಗೆ.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಎರಡೇ ವರ್ಷದಲ್ಲಿ, 1958ರಲ್ಲಿ, ಉಡುಪಿಯಲ್ಲಿ ಆಯುರ್ವೇದ ಕಾಲೇಜು ಶುರುವಾಯಿತು. ಕುತ್ಪಾಡಿಯ ಈಗಿನ ಎಸ್‌ಡಿಎಂ ಕಾಲೇಜು ಅದೇ. ಆಮೇಲೆ ಬಂದದ್ದೇ 1961ರ ರಾಜ್ಯ ಕಾಯ್ದೆ. ಆಯುರ್ವೇದ, ಯುನಾನಿ ವೈದ್ಯರ ಹೆಸರನ್ನು ಮಂಡಳಿಯ ರಿಜಿಸ್ಟರಿನಲ್ಲಿ ಬರೆಸಬೇಕು ಎಂದಿತು ಅದು. ಹೋಮಿಯೋಪಥಿಗೂ ಅದೇ ಇಸವಿಯ ಬೇರೆ ಕಾಯ್ದೆ ಇದೆ.

ಹೊಸ ನಿಯಮ ತರುವಾಗ ಹಳಬರನ್ನು ಏನು ಮಾಡುವುದು? ಪದವಿ ಇಲ್ಲದಿದ್ದರೂ ವರ್ಷಗಟ್ಟಲೆ ವೈದ್ಯವೃತ್ತಿಯಲ್ಲೇ ಇದ್ದವರು ಹೆಸರು ಬರೆಸಲು ಆಗ ಒಂದು ಬಾಗಿಲು ತೆರೆದಿಟ್ಟಿದ್ದರು. ಸರಕಾರದ ಲೆಕ್ಕಾಚಾರ ಸುಲಭವಾಗಿತ್ತು. ಹಳಬರು ಅವರಷ್ಟಕ್ಕೆ ಇದ್ದು ಮುಗಿಸುತ್ತಾರೆ, ಮುಂದಿನವರು ಕಾಲೇಜಿನಿಂದ ಬರುತ್ತಾರೆ. ಅರ್ಜಿ ಹಾಕಿದ ಪಂಡಿತರಿಗೆ ನಂಬರ್ ಸಿಕ್ಕಿತು. ಸುದ್ದಿ ತಲುಪದವರು, ಕಾಗದಪತ್ರ ಅಂದರೆ ಹಿಂಜರಿಯುವವರು ಹೊರಗೇ ಉಳಿದರು. ಬೆಂಗಳೂರಿನ ಕಚೇರಿಯ ಒಂದು ಪ್ರಕಟಣೆ ಬೆಳ್ತಂಗಡಿಯ ಕಾಡಂಚಿನ ಮನೆಗೆ ಆ ಕಾಲದಲ್ಲಿ ಎಷ್ಟು ಬೇಗ ಮುಟ್ಟೀತು, ಹೇಳಿ.

1970ರಲ್ಲಿ ಕೇಂದ್ರದ ಭಾರತೀಯ ವೈದ್ಯ ಪದ್ಧತಿ ಕಾಯ್ದೆ ಬಂತು, 1973ರಲ್ಲಿ ಹೋಮಿಯೋಪಥಿಯದ್ದು. ಆಗಲೇ ರಿಜಿಸ್ಟರಿನಲ್ಲಿ ಇದ್ದವರ ಹಕ್ಕನ್ನು ಕೇಂದ್ರ ಮುಟ್ಟಲಿಲ್ಲ. ರಿಜಿಸ್ಟರೇ ಇಲ್ಲದ ರಾಜ್ಯಗಳಲ್ಲಿ ಐದು ವರ್ಷ ವೈದ್ಯ ಮಾಡಿದವರಿಗೂ ವಿನಾಯಿತಿ ಕೊಟ್ಟಿತು. ನಮ್ಮಲ್ಲಿ ರಿಜಿಸ್ಟರ್ ಮೊದಲೇ ಇತ್ತಲ್ವಾ, ಹಾಗಾಗಿ ಆ ವಿನಾಯಿತಿ ನಮ್ಮ ನಾಟಿ ವೈದ್ಯರಿಗೆ ದಕ್ಕಲಿಲ್ಲ. ಹೊಸಬರಿಗೆ ಉಳಿದದ್ದು ಮಾನ್ಯತೆ ಇರುವ ಪದವಿಯ ದಾರಿ. ಅಪ್ಪನ ನಂಬರ್ ಅಪ್ಪನ ಜೊತೆಗೇ ಹೋಯಿತು.

ಸುಪ್ರೀಂ ಕೋರ್ಟ್ ಇದನ್ನು ಎರಡು ಸಲ ಬಿಗಿ ಮಾಡಿತು. 1996ರ ಪೂನಂ ವರ್ಮಾ ಪ್ರಕರಣದಲ್ಲಿ, ಹೋಮಿಯೋಪಥಿ ಓದಿ ಅಲೋಪಥಿ ಮದ್ದು ಕೊಟ್ಟ ವೈದ್ಯರದ್ದು ತಪ್ಪು ಎಂದಿತು. ತನಗೆ ಗೊತ್ತಿಲ್ಲದ ಪದ್ಧತಿಯಲ್ಲಿ ವೈದ್ಯ ಮಾಡುವವನು ನಕಲಿಯೇ ಅನ್ನುವುದು ಅದರ ತಿರುಳು. 2018ರ ಏಪ್ರಿಲ್‌ನಲ್ಲಿ ಪಕ್ಕದ ಕೇರಳದ ಪಾರಂಪರಿಕ ವೈದ್ಯರ ಅರ್ಜಿ ಬಂತು. ಮನೆತನದ ವಿದ್ಯೆ ಇದ್ದರೆ ಸಾಲದು, ಮಾನ್ಯ ಅರ್ಹತೆ, ನೋಂದಣಿ ಬೇಕೇ ಬೇಕು ಎಂದಿತು ಪೀಠ. ಅದರಲ್ಲಿದ್ದ ಒಬ್ಬರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್.

ನನಗೆ ಕೋರ್ಟಿನ ಮಾತು ಅರ್ಥವಾಗುತ್ತದೆ. ಆಟಿ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯ ತುಳುನಾಡಿನ ಮನೆಮನೆಗೂ ಗೊತ್ತು. ಆದರೂ ಪಾಲೆ ಅಂದುಕೊಂಡು ವಿಷದ ಮರವಾದ ಕಾಸರಕದ ತೊಗಟೆ ಕೆತ್ತಿ ತಂದು ಜೀವಕ್ಕೆ ಕುತ್ತು ತಂದುಕೊಂಡ ಸುದ್ದಿ ಬರುತ್ತಲೇ ಇರುತ್ತದೆ. ಪರಂಪರೆ ಅಂದ ಮಾತ್ರಕ್ಕೆ ಪರೀಕ್ಷೆ ಬೇಡ ಅನ್ನಲಾಗದು. ಆದರೆ ಕಾನೂನು ನಾಟಿ ವೈದ್ಯರನ್ನು ಪರೀಕ್ಷೆ ಮಾಡಿಯೇ ಇಲ್ಲ! ಬಾಗಿಲು ಹಾಕಿದ್ದಷ್ಟೆ. ಅಂಚೆಯಲ್ಲಿ ‘ಪರ್ಯಾಯ ವೈದ್ಯ’ ಸರ್ಟಿಫಿಕೇಟ್ ತರಿಸಿಕೊಂಡು ಇಂಜೆಕ್ಷನ್ ಚುಚ್ಚುವವನೂ, ಮೂರು ತಲೆಮಾರಿನಿಂದ ಎಲುಬು ಕಟ್ಟುವವನೂ ಕಾನೂನಿಗೆ ಒಂದೇ. ಇದು ನನಗೆ ಸರಿ ಕಾಣುವುದಿಲ್ಲ.

ಪದವಿ ಇದ್ದವರ ಕಥೆಯೂ ಪೂರ್ತಿ ಸಲೀಸಲ್ಲ. ದೇಶದ ಮೊದಲ ಪ್ರಕೃತಿ ಚಿಕಿತ್ಸೆ ಪದವಿ ಕಾಲೇಜು ಶುರುವಾಗಿದ್ದು ಉಜಿರೆಯಲ್ಲಿ, 1989ರಲ್ಲಿ. ಆದರೆ 1970ರ ಕಾಯ್ದೆಯಲ್ಲಿ ಪ್ರಕೃತಿ ಚಿಕಿತ್ಸೆ ಇಲ್ಲ. ಅದರ ಜಾಗಕ್ಕೆ ಬಂದ 2020ರ ಭಾರತೀಯ ವೈದ್ಯ ಪದ್ಧತಿ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲೂ ಇಲ್ಲ. ಕರ್ನಾಟಕದ ಕಾಯ್ದೆಗೆ ಪ್ರಕೃತಿ ಚಿಕಿತ್ಸೆಯನ್ನೂ ಯೋಗವನ್ನೂ ಸೇರಿಸಿದ್ದರಿಂದ ಇಲ್ಲಿ ನೋಂದಣಿ ಆಗುತ್ತದೆ. ಇಂಥ ಕಾಯ್ದೆ ಇಲ್ಲದ ರಾಜ್ಯಕ್ಕೆ ಹೋದರೆ ಅದೇ ಪದವೀಧರರಿಗೆ ತಾಪತ್ರಯ.

ಈಗ ವೈದ್ಯರ ನೋಂದಣಿ ಒಂದೇ ಸಾಲದು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ಬಂದ ಮೇಲೆ ಕ್ಲಿನಿಕ್ಕಿಗೂ ಬೇರೆ ನೋಂದಣಿ ಬೇಕು. ಅದನ್ನು ಕೊಡುವುದು ಜಿಲ್ಲಾ ಪ್ರಾಧಿಕಾರ. 2024ರಲ್ಲಿ ಬೋರ್ಡಿನ ಬಣ್ಣವನ್ನೂ ಗೊತ್ತು ಮಾಡಿದರು. ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು, ಮೇಲೆ ನೋಂದಣಿ ಸಂಖ್ಯೆ. ರೋಗಿಗೆ ಇದು ನಿಜವಾಗಿ ಉಪಯೋಗದ ಕ್ರಮ. ಒಳಗೆ ಹೋಗುವ ಮೊದಲೇ ನಂಬರ್ ನೋಡಬಹುದು.

ಪಾರಂಪರಿಕ ವೈದ್ಯರಿಗೆ ಸದ್ಯ ಇರುವ ಒಂದು ದಾರಿ ಗುಣಮಟ್ಟ ಪರಿಶೀಲನೆಯ ಸಂಸ್ಥೆ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಯೋಜನೆ. ಇಷ್ಟವಿದ್ದವರು ತಮ್ಮ ಕೌಶಲ, ಅದು ಎಲುಬು ಕಟ್ಟುವುದೇ ಇರಲಿ, ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬಹುದು. ಇವರಿಗೆ ಈ ಕೆಲಸ ಗೊತ್ತು ಎಂದು ಆ ಕಾಗದ ಹೇಳುತ್ತದೆ. ಆದರೆ ಅದು ಲೈಸೆನ್ಸ್ ಅಲ್ಲ, ಅದನ್ನು ತೋರಿಸಿದರೆ ಕೆಪಿಎಂಇ ನೋಂದಣಿಯೂ ಸಿಗುವುದಿಲ್ಲ.