4294967297: ಎರಡು ಬಗೆಯಲ್ಲಿ ವರ್ಗಗಳ ಮೊತ್ತ

2ರ 32ನೆಯ ಘಾತಕ್ಕೆ ಒಂದು ಕೂಡಿಸಿದರೆ 4294967297 ಬರುತ್ತದೆ. ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತ ಬಂದರೆ ಇದಕ್ಕೂ ಮೊದಲು ಸಿಗುವ 3, 5, 17, 257, 65537 ಐದೂ ಅವಿಭಾಜ್ಯ ಸಂಖ್ಯೆಗಳು. ಈ ಸಾಲು ಎಷ್ಟು ಬೆಳೆದರೂ ಅವಿಭಾಜ್ಯಗಳೇ ಸಿಗುತ್ತವೆ ಎಂದು ಗಣಿತಜ್ಞ ಪಿಯರ್ ದ ಫರ್ಮಾ 1640ರಲ್ಲಿ ನಂಬಿದ್ದ. ಅದಕ್ಕೆ ಪುರಾವೆ ಅವನಲ್ಲಿರಲಿಲ್ಲ. 1729ರಲ್ಲಿ ಗೋಲ್ಡ್‌ಬಾಖ್ ಈ ಮಾತಿನತ್ತ ತನ್ನಂತೆಯೇ ಗಣಿತಜ್ಞನಾದ ಆಯ್ಲರನ ಗಮನ ಸೆಳೆದ. 1732ರಲ್ಲಿ ಆಯ್ಲರ್, ಆರನೆಯ ಸಂಖ್ಯೆಯೇ 641 × 6700417 ಎಂದು ತೋರಿಸಿದ.

ಇದನ್ನು ಭಾಗಾಕಾರದ ತಾಳ್ಮೆಯ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಅದಕ್ಕಿಂತ ಮುಖ್ಯವೆನಿಸುವುದು, ತನ್ನನ್ನು ಎಲ್ಲಿ ಒಡೆಯಬಹುದೆಂಬುದನ್ನು ಈ ಸಂಖ್ಯೆಯ ರಚನೆಯೇ ಹೇಳಿಬಿಡುವುದು. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕೆಂದು ಆಯ್ಲರ್ ಮುಂದೆ ಸಾಧಿಸಿದ. ಹಾಗೆ ಉಳಿಯುವ ಅವಿಭಾಜ್ಯಗಳು ಮೊದಲಿನಿಂದ 193, 257, 449, 577, 641. ಐದನೆಯದಕ್ಕೇ ಉತ್ತರ! ಕುರುಡಾಗಿ ಹುಡುಕುತ್ತ ಹೋದರೆ 641 ಬರುವುದು 116ನೆಯ ಅವಿಭಾಜ್ಯವಾಗಿ.

ಭಾಗಾಕಾರವೂ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. 641 ಎಂದರೆ 5 × 2⁷ + 1. ಅದೇ 641 ಎಂದರೆ 5⁴ + 2⁴ ಕೂಡ. ಮೊದಲನೆಯದರ ಪ್ರಕಾರ, 641ರಿಂದ ಭಾಗಿಸಿ ಶೇಷವನ್ನಷ್ಟೇ ನೋಡುವಾಗ 5 × 2⁷ ಎಂಬುದು −1ಕ್ಕೆ ಸಮ. ನಾಲ್ಕನೆಯ ಘಾತಕ್ಕೇರಿಸಿದರೆ 5⁴ × 2²⁸ ಎಂಬುದು 1ಕ್ಕೆ ಸಮ. ಎರಡನೆಯದರ ಪ್ರಕಾರ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³² ಎಂಬುದು 1ಕ್ಕೆ ಸಮವಾಗುತ್ತದೆ, ಅಂದರೆ 2³² + 1ನ್ನು 641 ನಿಶ್ಶೇಷವಾಗಿ ಭಾಗಿಸುತ್ತದೆ. ಹತ್ತಂಕಿಯ ಸಂಖ್ಯೆಯನ್ನು ಒಮ್ಮೆಯೂ ಪೂರ್ತಿ ಬರೆಯಬೇಕಾಗಲಿಲ್ಲ.

ಅಪವರ್ತನಗಳ ಹೆಸರನ್ನೇ ಎತ್ತದ ಸಾಕ್ಷ್ಯವೂ ಉಂಟು, ನನಗೆ ಅತ್ಯಂತ ಪ್ರಿಯವಾದದ್ದು ಅದೇ. ಅವಿಭಾಜ್ಯ ಸಂಖ್ಯೆಯೊಂದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಿದ್ದರೆ ಅದಕ್ಕೆ ಒಂದೇ ಬಗೆ. ನಮ್ಮ ಸಂಖ್ಯೆಯಾದರೋ 65536² + 1² ಎಂಬುದು ಕಣ್ಣಿಗೇ ಕಾಣುತ್ತದೆ. ಅದು 62264² + 20449² ಕೂಡ ಹೌದು. ಎರಡು ಬಗೆ ಸಿಕ್ಕಿತೆಂದರೆ ಅವಿಭಾಜ್ಯವಲ್ಲ ಎಂಬುದು ಖಚಿತ. ಎರಡೂ ಬಗೆಗಳು ಹುಟ್ಟುವುದು ಬ್ರಹ್ಮಗುಪ್ತನ ನಿತ್ಯಸಮೀಕರಣದಿಂದ: ಎರಡು ವರ್ಗಗಳ ಮೊತ್ತವಾದ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ, ಅದೂ ಎರಡು ಬಗೆಯಲ್ಲಿ. 641 = 25² + 4², 6700417 = 2556² + 409². ಅಡ್ಡಡ್ಡ ಗುಣಿಸಿದರೆ 25 × 409 = 10225, 4 × 2556 = 10224. ಇವುಗಳ ವ್ಯತ್ಯಾಸ 1, ಮೊತ್ತ 20449! ನೇರ ಗುಣಲಬ್ಧಗಳಾದ 63900 ಮತ್ತು 1636ರ ಮೊತ್ತ 65536, ವ್ಯತ್ಯಾಸ 62264.

65537ರ ನಂತರ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇಂದಿಗೂ ಸಿಕ್ಕಿಲ್ಲ. ಘಾತ 1048576 ಆದಾಗ ಬರುವ ಸಂಖ್ಯೆಗೆ 315653 ಅಂಕಿಗಳು. ಅದು ಅವಿಭಾಜ್ಯವಲ್ಲವೆಂದು 1980ರ ದಶಕದಲ್ಲಿ ಕಂಪ್ಯೂಟರ್‌ಗಳ ನೆರವಿನಿಂದ ಸಾಧಿಸಲಾಯಿತು. ಆದರೆ ಅದರ ಒಂದೇ ಒಂದು ಅಪವರ್ತನವನ್ನೂ ಈವರೆಗೆ ಯಾರೂ ಕಂಡುಹಿಡಿದಿಲ್ಲ.