ಇನುಯಾಷಾದ ಹೆಸರುಗಳು: ನಾನು ಎಡವಿದ ಜಾಗ

ಜಪಾನಿ ಕಲಿಯೋಣ ಅಂತ ಮಾಂಗಾ (ಜಪಾನಿ ಚಿತ್ರಕಥೆ) ಕೈಗೆತ್ತಿಕೊಂಡವರಿಗೆ ಈ ಟಿಪ್ಪಣಿ. ನಾನು ಹಿಡಿದದ್ದು ರುಮಿಕೊ ತಾಕಾಹಾಶಿ ಅವರ ‘ಇನುಯಾಷಾ’. 1996ರಿಂದ 2008ರವರೆಗೆ ‘ಶೊನೆನ್ ಸಂಡೇ’ ವಾರಪತ್ರಿಕೆಯಲ್ಲಿ ಬಂತು, ಒಟ್ಟು 56 ಸಂಪುಟ. ಟೋಕಿಯೊದ ಹುಡುಗಿ ಕಾಗೊಮೆ ಹಳೆ ಬಾವಿಗೆ ಬಿದ್ದು, ಐನೂರು ವರ್ಷ ಹಿಂದಿನ ಸೆಂಗೋಕು ಯುದ್ಧಕಾಲದಲ್ಲಿ ಎದ್ದು ಬರುತ್ತಾಳೆ. ಕಥೆ ಇಷ್ಟು ಸಾಕು. ನನ್ನ ಗೋಳು ಹೆಸರುಗಳದ್ದು.

ಯಾಷಾ

ಇನು ಅಂದರೆ ನಾಯಿ. ಇದು ಸುಲಭ. ಯಾಷಾ ಬರೆಯಲು ಎರಡು ಕಾಂಜಿ ಬೇಕು, ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥವಿರುವ ಲಿಪಿಚಿಹ್ನೆ. ಒಂದರ ಅರ್ಥ ರಾತ್ರಿ, ಇನ್ನೊಂದರದ್ದು ಕವಲು. ‘ಕವಲು ರಾತ್ರಿಯ ನಾಯಿ’ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಏನೂ ಅರ್ಥವಾಗಲಿಲ್ಲ, ಆದರೂ ಬಿಡಲಿಲ್ಲ. ಯಾಕೆಂದರೆ ಕಥೆಯೇ ನನ್ನ ಪರ ಸಾಕ್ಷಿ ಹೇಳಿತು. ಕಥಾನಾಯಕ ಇನುಯಾಷಾ ಅರ್ಧ ಮನುಷ್ಯ, ಅರ್ಧ ಯೋಕಾಯ್ (ಭೂತದಂಥ ಜೀವಿ). ಅಮಾವಾಸ್ಯೆ ರಾತ್ರಿ ಅವನ ಶಕ್ತಿಯೆಲ್ಲ ಹೋಗಿ, ಬಿಳಿ ಕೂದಲು ಕಪ್ಪಾಗಿ, ಬರೀ ಮನುಷ್ಯನಾಗಿಬಿಡುತ್ತಾನೆ. ನೋಡಿದ್ರಾ, ರಾತ್ರಿ! ಹೆಸರಲ್ಲೇ ಸುಳಿವು ಇಟ್ಟಿದ್ದಾರೆ ಅಂತ ಒಂದು ಪುಟ ತುಂಬಿಸಿದೆ.

ಪೂರ್ತಿ ತಪ್ಪು. ಆ ಕಾಂಜಿಗಳು ಅಲ್ಲಿರುವುದು ಸದ್ದಿಗೆ, ಅರ್ಥಕ್ಕಲ್ಲ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಎಷ್ಟೋ ಸಂಸ್ಕೃತ ಹೆಸರುಗಳನ್ನು ಅನುವಾದಿಸದೆ ಹಾಗೇ ಇಟ್ಟುಕೊಂಡರು. ಅವರ ಲಿಪಿಯಲ್ಲಿ ನಮ್ಮಂತೆ ಕ, ಖ, ಗ ಇಲ್ಲವಲ್ಲ. ಹತ್ತಿರದ ಸದ್ದು ಕೊಡುವ ಚಿಹ್ನೆ ಯಾವುದಿದೆಯೋ ಅದನ್ನೇ ಹಾಕಿದರು. ಅದರ ಅರ್ಥ ರಾತ್ರಿಯೋ ಕವಲೋ, ಯಾರಿಗೆ ಬೇಕು? ಹಾಗೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ದಾಟಿ ಯಾಷಾ ಆದವನು ನಮ್ಮ ಯಕ್ಷ. ಯಕ್ಷಪ್ರಶ್ನೆಯ ಯಕ್ಷ, ಯಕ್ಷಗಾನದ ಯಕ್ಷ. ಇದು ಹೊಳೆದ ದಿನ ಒಬ್ಬನೇ ಕೂತು ನಕ್ಕೆ.

ಆದರೆ ಸ್ವಭಾವ ನಮ್ಮ ಯಕ್ಷನದ್ದೇ ಅಂದುಕೊಳ್ಳಬೇಡಿ. ಅಲ್ಲಿ ಯಾಷಾ ಅಂದರೆ ಉಗ್ರ, ರಾಕ್ಷಸನಿಗೆ ಹತ್ತಿರ. ಒಂದು ನಂಟು ಮಾತ್ರ ಬಿಟ್ಟುಹೋಗಿಲ್ಲ. ಇಲ್ಲಿ ಯಕ್ಷರು ಕುಬೇರನ ಬಂಟರು. ಅಲ್ಲಿ ಯಾಷಾಗಳು ಬಿಷಾಮೊಂತೆನ್ ದೇವರ ಬಂಟರು. ಆ ದೇವರು ವೈಶ್ರವಣ, ಅಂದರೆ ಕುಬೇರನೇ.

ಇದರಿಂದ ನನಗೊಂದು ಅಡ್ಡದಾರಿ ಸಿಕ್ಕಿತು. ಕಾಂಜಿಗಳ ಅರ್ಥ ಕೂಡಿಸಿದಾಗ ತಲೆಬುಡ ಇಲ್ಲದ್ದು ಬಂದರೆ, ಪುಸ್ತಕ ಮುಚ್ಚಿ ಹೆಸರನ್ನು ಜೋರಾಗಿ ಹೇಳಿ. ಖಳನ ಹೆಸರು ನರಾಕು. ಎರಡು ಸಲ ಹೇಳಿ. ನರಕ! ಇದರ ಎರಡನೇ ಕಾಂಜಿಗೆ ‘ಬೀಳು’ ಎಂಬ ಅರ್ಥವಿದೆ, ಮತ್ತೆ ಆಸೆ ಹುಟ್ಟಿಸುತ್ತದೆ, ಮೋಸ ಹೋಗಬೇಡಿ. (ಕಬುಕಿ ರಂಗಮಂದಿರದಲ್ಲಿ ವೇದಿಕೆಯ ಕೆಳಗಿನ ಕತ್ತಲೆ ಜಾಗಕ್ಕೂ ನರಾಕು ಅಂತಲೇ ಹೆಸರು.) ಆದರೆ ಸನ್ಯಾಸಿ ಮಿರೊಕು ಹತ್ತಿರ ಈ ದಾರಿ ಕೈಕೊಡುತ್ತದೆ. ಅದು ಮೈತ್ರೇಯ, ಮುಂದೆ ಬರಲಿರುವ ಬುದ್ಧ. ಎಷ್ಟು ಸಲ ಕೂಗಿದರೂ ಕಿವಿಗೆ ಸಿಗುವುದಿಲ್ಲ, ಸುಮ್ನೆ ಬಾಯಿಪಾಠ ಮಾಡಿ.

ಶಿಕೊನ್ ನೊ ತಾಮಾ

ಎಲ್ಲರೂ ಹೊಡೆದಾಡುವುದು ಈ ಮಣಿಗಾಗಿ. ಶಿ ನಾಲ್ಕು, ಕೊನ್ ಆತ್ಮ, ತಾಮಾ ಮಣಿ. ಆದರೆ ಆತ್ಮಕ್ಕೂ ತಾಮಾ ಅಂತಾರೆ! ಹಾಗಾದರೆ ಕೊನ್ ಯಾವುದು? ಒಂದೇ ಕಾಂಜಿಗೆ ಎರಡು ಓದು. ಹೀಗೆ ಯೋಚಿಸಿ: ಹಲ್ಲು, ದಂತ ಎರಡಕ್ಕೂ ನಮ್ಮಲ್ಲಿ ಒಂದೇ ಚಿಹ್ನೆ ಇದ್ದಿದ್ದರೆ, ಒಂಟಿಯಾಗಿದ್ದಾಗ ‘ಹಲ್ಲು’ ಅಂತ ಓದುತ್ತಿದ್ದೆವು, ವೈದ್ಯನ ಜೊತೆ ಬಂದರೆ ‘ದಂತ’. ತಾಮಾ ಜಪಾನಿನ ಸ್ವಂತ ಮಾತು, ಕೊನ್ ಚೀನಾದಿಂದ ಬಂದ ಓದು. ಈ ಹೆಸರಿನ ಕೊನೆಯ ತಾಮಾ ಮಾತ್ರ ಬೇರೆ ಕಾಂಜಿ, ಅದು ಮಣಿಯೇ.

ನಾಲ್ಕು ಆತ್ಮ: ಅರಾಮಿತಾಮಾ ಧೈರ್ಯ, ನಿಗಿಮಿತಾಮಾ ಸ್ನೇಹ, ಕುಶಿಮಿತಾಮಾ ಜಾಣತನ, ಸಾಕಿಮಿತಾಮಾ ಪ್ರೀತಿ. ಇವು ಮಾಂಗಾಕ್ಕೆಂದು ಹುಟ್ಟಿಸಿದ ಮಾತುಗಳಲ್ಲ, ಜಪಾನಿನ ಸ್ವಂತ ಧರ್ಮ ಶಿಂಟೊದವೇ. ಇಸೆಯಲ್ಲಿ ಸೂರ್ಯದೇವಿ ಅಮಾತೆರಾಸುವಿನ ಅರಾಮಿತಾಮಾಕ್ಕೆ ಬೇರೆಯೇ ಗುಡಿ ಇದೆ.

ಶಿಂಟೊದ ಮಿಕೊ (ಗುಡಿಯ ಸೇವೆ ಮಾಡುವ ಹೆಣ್ಣು), ಬೌದ್ಧ ಸನ್ಯಾಸಿ ಜೊತೆಯಾಗಿ ಅಲೆಯುವುದು ವಿಚಿತ್ರ ಅನಿಸಿತ್ತು. ಆ ಕಾಲಕ್ಕೆ ಅದು ಸರಿಯೇ. ಸರ್ಕಾರ ಎರಡನ್ನೂ ಬೇರೆ ಮಾಡಿ ಎಂದು ಆಜ್ಞೆ ಹೊರಡಿಸಿದ್ದು 1868ರಲ್ಲಿ.

ಕನ್ನಾ

ನರಾಕು ಸೃಷ್ಟಿಸಿದ ಬಿಳಿ ಹುಡುಗಿ. ಹೆಸರಿನ ಕಾಂಜಿ ‘ದೇವರು’, ‘ಇಲ್ಲ’. ಜಪಾನಿನ ಹತ್ತನೇ ತಿಂಗಳು ಕನ್ನಾಜುಕಿಯಲ್ಲೂ ಇದೇ ಜೋಡಿ. ದೇವರುಗಳೆಲ್ಲ ಇಜುಮೊಗೆ ಹೋಗಿರುತ್ತಾರೆ, ಊರಲ್ಲಿ ಯಾರೂ ಇಲ್ಲ ಎಂಬುದು ಜನರ ಮಾತು. ಇಜುಮೊದವರು ಮಾತ್ರ ಅದನ್ನೇ ‘ದೇವರಿರುವ ತಿಂಗಳು’ ಅನ್ನುತ್ತಾರೆ. ಆದರೆ ಅಲ್ಲಿನ ‘ನಾ’ ಮೊದಲು ಬರೀ ‘ದೇವರ’ ಅನ್ನುವಾಗಿನ ‘ಅ’ ಪ್ರತ್ಯಯದಂಥದ್ದು, ‘ಇಲ್ಲ’ ಎಂಬ ಕಾಂಜಿ ಸದ್ದಿಗಾಗಿ ಬಂದದ್ದು ಎನ್ನುವ ವಿದ್ವಾಂಸರಿದ್ದಾರೆ. ಮತ್ತೆ ಅದೇ ಹಳ್ಳ! ಈ ಸಲ ಹುಷಾರಾಗಿ ‘ಅರ್ಥ ನೋಡಬೇಡ’ ಅಂತ ಬರೆದುಕೊಂಡೆ. ಮುಂದೆ ಓದಿದರೆ ಹುಡುಗಿಗೆ ವಾಸನೆ ಇಲ್ಲ, ಯೋಕಾಯ್ ಕಳೆ ಇಲ್ಲ, ಏನೂ ಇಲ್ಲ. ಇಲ್ಲಿ ಅರ್ಥವೇ ಬೇಕಿತ್ತು. ಆ ಸಾಲನ್ನೂ ಹೊಡೆದುಹಾಕಿದೆ.