ಒಂದು ಕಿವಿಗೆ ಜೋರು, ಇನ್ನೊಂದಕ್ಕೆ ಮೆಲ್ಲಗೆ: ರಾತ್ರಿಯಿಡೀ ಹಾಡು ಹಾಕಿಟ್ಟರೆ ಸರಿಹೋಗುವುದೇ?

ಪ್ರಶ್ನೆ: ನನ್ನ ಇಯರ್‌ಫೋನಿನ ಎಡಬದಿಯ ಸದ್ದು ಬಲಬದಿಗಿಂತ ಕಡಿಮೆಯಾಗಿದೆ. ಕೊಂಡು ಎಂಟು ತಿಂಗಳಾಯಿತು, ಒಮ್ಮೆಯೂ ಕೆಳಗೆ ಬಿದ್ದಿಲ್ಲ. ಒಂದು ರಾತ್ರಿ ಪೂರ್ತಿ ವಾಲ್ಯೂಮಿನಲ್ಲಿ ಹಾಡು ಹಾಕಿಟ್ಟರೆ ಒಳಗಿನ ಸ್ಪೀಕರ್ ಸಡಿಲಗೊಂಡು ಎರಡೂ ಬದಿ ಸಮವಾಗುತ್ತವೆ ಎಂದು ಸ್ನೇಹಿತರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಹಾಗೆ ಮಾಡಬೇಡಿ. ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೆಂಬ ಲೆಕ್ಕ ತಪ್ಪಿಹೋಗಿದೆ. ಇಯರ್‌ಫೋನಿನ ಕಂಪನಿ ಬದಲಾಗುತ್ತದೆ, ಬೆಲೆ ಬದಲಾಗುತ್ತದೆ, ರಾತ್ರಿಯಿಡೀ ಹಾಡು ಹಾಕಿಡುವ ಸಲಹೆ ಮಾತ್ರ ಬದಲಾಗುವುದಿಲ್ಲ. ಆ ಸಲಹೆಯನ್ನು ಬುಡದಿಂದ ಪರಿಶೀಲಿಸೋಣ. ಅದಕ್ಕೂ ಮೊದಲು ದೋಷ ಎಲ್ಲಿದೆ ಎಂಬುದನ್ನು ನೀವೇ ಕಂಡುಕೊಳ್ಳುವ ಬಗೆಯನ್ನು ಹೇಳಬೇಕು, ಏಕೆಂದರೆ ಈ ದೂರು ತರುವವರಲ್ಲಿ ಹೆಚ್ಚಿನವರು ಎರಡು ನಿಮಿಷದ ಈ ಪರೀಕ್ಷೆಯನ್ನೇ ಮಾಡಿರುವುದಿಲ್ಲ.

ಎಡಗಿವಿಯ ತುಂಡನ್ನು ಬಲಗಿವಿಗೂ ಬಲಗಿವಿಯದನ್ನು ಎಡಗಿವಿಗೂ ಹಾಕಿಕೊಳ್ಳಿ. ಕಡಿಮೆ ಸದ್ದು ಆ ತುಂಡಿನ ಜೊತೆಯಲ್ಲೇ ಬಲಗಿವಿಗೆ ಬಂದರೆ ದೋಷ ಇಯರ್‌ಫೋನಿನಲ್ಲಿದೆ ಅಥವಾ ಫೋನಿನಲ್ಲಿದೆ. ಅದಲುಬದಲು ಮಾಡಿದ ಮೇಲೂ ಎಡಗಿವಿಗೇ ಕಡಿಮೆ ಕೇಳಿಸಿದರೆ ದೋಷ ನಿಮ್ಮ ಕಿವಿಯಲ್ಲಿದೆ. ಅನಂತರ ಅದೇ ಇಯರ್‌ಫೋನನ್ನು ಇನ್ನೊಂದು ಫೋನಿಗೆ ಜೋಡಿಸಿ ಕೇಳಿದರೆ ಮೊದಲ ಫೋನಿನ ಮೇಲಿನ ಅನುಮಾನವೂ ತೀರುತ್ತದೆ. ಈ ಪರೀಕ್ಷೆಗೆ ಸಂಗೀತ ಕಛೇರಿಯ ಧ್ವನಿಮುದ್ರಿಕೆಯನ್ನು ಬಳಸಬೇಡಿ, ಏಕೆಂದರೆ ಅದರಲ್ಲಿ ಪಿಟೀಲು ಒಂದು ಬದಿಗೆ, ಮೃದಂಗ ಇನ್ನೊಂದು ಬದಿಗೆ ಇರಬಹುದು. ಒಬ್ಬರೇ ಓದುವ ವಾರ್ತೆ ಸಾಕು. ಒಂದೇ ಕಂಠ ಎರಡೂ ಬದಿಗೆ ಸಮನಾಗಿ ಬಂದಾಗ ಅದು ತಲೆಯ ನಟ್ಟನಡುವಿನಿಂದ ಕೇಳಿಸಬೇಕು. ಎರಡು ಬದಿಗಳ ನಡುವೆ ಒಂದೆರಡು ಡೆಸಿಬಲ್ ವ್ಯತ್ಯಾಸವಾದರೂ ಕಂಠ ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ. ಎರಡು ಕಿವಿಗಳಿಗೆ ಬರುವ ಸದ್ದಿನ ಪ್ರಮಾಣದ ಮತ್ತು ವೇಳೆಯ ಅತಿಸಣ್ಣ ವ್ಯತ್ಯಾಸಗಳಿಂದಲೇ ನಾವು ಸದ್ದಿನ ದಿಕ್ಕನ್ನು ಗುರುತಿಸುತ್ತೇವೆ ಎಂಬುದನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲೇ ವಿವರಿಸಿದ್ದರು. ಈ ಕೆಲಸಕ್ಕೆ ನಿಮ್ಮ ಕಿವಿಗಳಷ್ಟು ಸೂಕ್ಷ್ಮವಾದ ಉಪಕರಣ ಮನೆಯಲ್ಲಿ ಬೇರೊಂದಿರುವುದಿಲ್ಲ.

ದೋಷ ಫೋನಿನದೆಂದು ಗೊತ್ತಾದರೆ ಕೆಲಸ ಸುಲಭ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಎಡ-ಬಲದ ಬ್ಯಾಲೆನ್ಸ್ ಪಟ್ಟಿಯೊಂದಿರುತ್ತದೆ. ಅದು ನಡುವಿನಿಂದ ಸರಿದಿದ್ದರೆ ನಡುವಿಗೆ ತನ್ನಿ. ಬ್ಲೂಟೂತ್ ಇಯರ್‌ಬಡ್ ಆಗಿದ್ದರೆ ಫೋನಿನ ಪಟ್ಟಿಯಿಂದ ಅದನ್ನು ಅಳಿಸಿ, ರೀಸೆಟ್ ಮಾಡಿ, ಹೊಸದಾಗಿ ಜೋಡಿಸಿ. ವೈರಿನ ಇಯರ್‌ಫೋನಾದರೆ ಜ್ಯಾಕಿನ ತೂತಿನಲ್ಲಿ ಜೇಬಿನ ನೂಲು, ಧೂಳು ಸೇರಿ ಪಿನ್ ಪೂರ್ತಿ ಒಳಹೋಗದಿರಬಹುದು. ಹಾಡುವವರ ಕಂಠ ಮಾಯವಾಗಿ ವಾದ್ಯಗಳು ಮಾತ್ರ ಟೊಳ್ಳಾಗಿ ಕೇಳಿಸುತ್ತಿದ್ದರೆ ಎರಡೂ ಬದಿಗೆ ಸಾಮಾನ್ಯವಾಗಿರುವ ಗ್ರೌಂಡ್ ತಂತಿಯ ಸಂಪರ್ಕ ತಪ್ಪಿದೆಯೆಂದು ತಿಳಿಯಿರಿ. ಆಗ ಎಡ-ಬಲಗಳ ನಡುವಿನ ವ್ಯತ್ಯಾಸವಷ್ಟೇ ಕೇಳುವುದರಿಂದ ನಡುವಿನಲ್ಲಿದ್ದ ಕಂಠ ಅಳಿಸಿಹೋಗುತ್ತದೆ.

ಇನ್ನು ಸ್ನೇಹಿತರ ಸಲಹೆಗೆ ಬರೋಣ. ಇಯರ್‌ಫೋನಿನ ಸ್ಪೀಕರ್ ಎಂದರೆ ಒಂದು ಸಣ್ಣ ಅಯಸ್ಕಾಂತ, ಕೂದಲಿನಂತೆ ತೆಳುವಾದ ತಂತಿಯ ಸುರುಳಿ, ಆ ಸುರುಳಿಗೆ ಅಂಟಿಸಿದ ತೆಳು ಪೊರೆ. ಸುರುಳಿಯಲ್ಲಿ ವಿದ್ಯುತ್ ಹಿಂದುಮುಂದಾಗಿ ಹರಿದಂತೆ ಪೊರೆ ಕಂಪಿಸುತ್ತದೆ. ಈ ಭಾಗ ಕೆಟ್ಟಾಗ ಏನಾಗುತ್ತದೆ? ತಂತಿ ತುಂಡಾದರೆ ಆ ಬದಿ ಪೂರ್ತಿ ಮೌನವಾಗುತ್ತದೆ. ಸುರುಳಿ ಓರೆಯಾಗಿ ಉಜ್ಜಿದರೆ ಅಥವಾ ಪೊರೆ ಹರಿದರೆ ಬಿರುಕುದನಿ, ಗರಗರ ಸದ್ದು ಬರುತ್ತದೆ. ಸ್ವಚ್ಛವಾಗಿಯೇ ಕೇಳುತ್ತಿದ್ದು ಮೆಲ್ಲಗಾಗಿರುವುದು ಮಾತ್ರ ನಿಮ್ಮ ದೂರಾದರೆ, ಸ್ಪೀಕರ್ ಬಹುಮಟ್ಟಿಗೆ ಆರೋಗ್ಯವಾಗಿದೆ, ಅದರ ಸದ್ದು ಕಿವಿಯವರೆಗೆ ಬರುವ ದಾರಿಯಲ್ಲಿ ತಡೆಯಿದೆ. ವೈರಿನ ಇಯರ್‌ಫೋನಿನಲ್ಲಿ ಇನ್ನೊಂದು ಸಾಧ್ಯತೆಯೂ ಇದೆ: ಇವುಗಳ ಸುರುಳಿಯ ರೋಧ ಸಾಮಾನ್ಯವಾಗಿ 16 ಅಥವಾ 32 ಓಮ್ ಇರುವುದರಿಂದ, ಪಿನ್ನಿನ ಬಳಿಯ ಎಳೆಗಳು ಹರಿದು ಅಥವಾ ಬೆಸುಗೆ ಸಡಿಲಾಗಿ ಇನ್ನೊಂದು 16 ಓಮ್ ಸೇರಿಕೊಂಡರೂ 16 ಓಮ್‌ನ ಸ್ಪೀಕರಿಗೆ ತಲುಪುವ ವೋಲ್ಟೇಜ್ ಅರ್ಧಕ್ಕಿಳಿಯುತ್ತದೆ, ಎಂದರೆ 6 ಡೆಸಿಬಲ್ ಇಳಿಕೆ. ಪಿನ್ನಿನ ಬಳಿ ವೈರನ್ನು ಮೆಲ್ಲಗೆ ಬಾಗಿಸಿದಾಗ ಸದ್ದು ಏರಿಳಿದರೆ ಇದೇ ಕಾರಣ.

ಸಡಿಲಗೊಳ್ಳುವ ವಾದವನ್ನು ಅದರ ಮಾತಿನಲ್ಲೇ ಒಪ್ಪಿಕೊಂಡು ನೋಡೋಣ. ರಾತ್ರಿಯಿಡೀ ಹಾಡು ಹಾಕಿದಾಗ ವಿದ್ಯುತ್ ಎರಡೂ ಬದಿಗೆ ಹರಿಯುತ್ತದೆ. ಎಡಬದಿ ಸಡಿಲಗೊಂಡಷ್ಟು ಬಲಬದಿಯೂ ಸಡಿಲಗೊಳ್ಳಬೇಕಲ್ಲವೇ? ಹಾಗಿದ್ದರೆ ಅಂತರ ಇದ್ದಷ್ಟೇ ಉಳಿಯಬೇಕು. ಎಂಟು ತಿಂಗಳು ದಿನವೂ ಹಾಡಿಯೂ ಸಡಿಲಾಗದ್ದು ಒಂದು ರಾತ್ರಿಯಲ್ಲಿ ಸಡಿಲಾಗಲು ಕಾರಣವೂ ಇಲ್ಲ. ಇಯರ್‌ಫೋನಿನಿಂದ ಸದ್ದು ಹೊರಬರುವ ಬಾಯಿಗೆ ಹಾಕಿರುವ ಸಣ್ಣ ಜಾಲರಿಗೆ ಅಂಟಿದ ಗುಗ್ಗೆಯನ್ನು ಜೋರಾದ ಸದ್ದು ಹೊರದೂಡುತ್ತದೆ ಎಂದು ವಾದಿಸುವವರೂ ಇದ್ದಾರೆ. ಸದ್ದು ಗಾಳಿಯನ್ನು ಹಿಂದಕ್ಕೂ ಮುಂದಕ್ಕೂ ಸಮನಾಗಿ ಅಲುಗಿಸುತ್ತದೆಯೇ ಹೊರತು ಬೀಸಣಿಗೆಯಂತೆ ಒಂದೇ ದಿಕ್ಕಿಗೆ ಬೀಸುವುದಿಲ್ಲ. ಕೆಲವು ಕೈಗಡಿಯಾರಗಳು ಸ್ಪೀಕರಿನಲ್ಲಿ ಸೇರಿದ ನೀರನ್ನು ಸದ್ದಿನಿಂದಲೇ ಚಿಮ್ಮಿಸುವುದು ನಿಜ, ಆದರೆ ನೀರು ಹನಿಯಾಗಿ ಉದುರುತ್ತದೆ, ಗುಗ್ಗೆ ಮೇಣದಂತೆ ಅಂಟಿ ಕೂರುತ್ತದೆ.

ಹಾಗಾದರೆ ಈ ಉಪಾಯದಿಂದ ಗುಣ ಕಂಡವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ, ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಕರಾವಳಿಯ ಮತ್ತು ಮಲೆನಾಡಿನ ಮಳೆಗಾಲದ ತೇವದಲ್ಲಿ ಅಥವಾ ವ್ಯಾಯಾಮದ ಬೆವರಿನಲ್ಲಿ ಜಾಲರಿಯ ಸಣ್ಣ ಕಣ್ಣುಗಳಲ್ಲಿ ನೀರಿನ ತೆಳುಪದರ ನಿಂತು ಸದ್ದು ಕುಗ್ಗುತ್ತದೆ. ರಾತ್ರಿಯ ಎಂಟು ಗಂಟೆ ಇಯರ್‌ಫೋನ್ ಕಿವಿಯಿಂದ ಹೊರಗೆ ಮೇಜಿನ ಮೇಲಿರುವಾಗ ಆ ನೀರು ಆರಿಹೋಗುತ್ತದೆ, ಬೆಳಿಗ್ಗೆ ಎರಡೂ ಬದಿ ಸಮವಾಗಿ ಕೇಳುತ್ತವೆ. ಗುಣಪಡಿಸಿದ್ದು ಒಣಗುವಿಕೆ, ಹೆಸರು ಬಂದದ್ದು ಹಾಡಿಗೆ. ಹಾಡು ಹಾಕದೆ ಒಣಗಲು ಬಿಟ್ಟಿದ್ದರೂ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಚೀಟಿಯೊಡನೆ ಮುಚ್ಚಿದ ಡಬ್ಬಿಯಲ್ಲಿಟ್ಟಿದ್ದರೂ ಅದೇ ಫಲ ಸಿಗುತ್ತಿತ್ತು, ಮತ್ತು ಸುರುಳಿ ಗಂಟೆಗಟ್ಟಲೆ ಕಾದು ಅದರ ಅಂಟು ಮೆದುವಾಗುವ ಅಪಾಯ ಇರುತ್ತಿರಲಿಲ್ಲ. ಸುಸ್ಥಿತಿಯಲ್ಲಿದ್ದ ಸ್ಪೀಕರನ್ನು ಈ ಚಿಕಿತ್ಸೆಯಿಂದಲೇ ಕೆಡಿಸಿಕೊಂಡು ಬಂದವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ರಬ್ಬರ್ ತುದಿಯನ್ನು ಕಳಚಿ, ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಲು ಬಿಡಿ. ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಕಣ್ಣುಗಳು ಕಂದು ಬಣ್ಣದ ಪದರದಿಂದ ಮುಚ್ಚಿರುವುದು ಬರಿಗಣ್ಣಿಗೇ ಕಾಣಿಸಬಹುದು. ಜಾಲರಿಯ ಮುಖ ನೆಲದ ಕಡೆಗಿರುವಂತೆ ಹಿಡಿದು, ಒಣಗಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಉದುರಿದ ಪುಡಿ ಒಳಗೆ ಹೋಗದೆ ಕೆಳಗೆ ಬೀಳುತ್ತದೆ. ಪಿನ್ನಿನಿಂದ ಚುಚ್ಚಬೇಡಿ, ಬಾಯಿಂದ ಊದಬೇಡಿ, ಜಾಲರಿಗೆ ನೀರು ತಾಗಿಸಬೇಡಿ. ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂರದಿದ್ದರೂ ಆ ಬದಿಯ ಮಂದ್ರ ಧ್ವನಿ ಸೋರಿಹೋಗಿ ಸದ್ದು ಕಡಿಮೆಯಾದಂತೆ ಕೇಳುತ್ತದೆ. ಒಬ್ಬರದೇ ಎರಡು ಕಿವಿಗಳ ದ್ವಾರಗಳು ಒಂದೇ ಅಳತೆಯಲ್ಲಿರಬೇಕೆಂದಿಲ್ಲವಾದ್ದರಿಂದ ಎಡಕ್ಕೆ ದೊಡ್ಡ ತುದಿ, ಬಲಕ್ಕೆ ಚಿಕ್ಕ ತುದಿ ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರಿಸಲೇಬೇಕು. ಅದಲುಬದಲು ಪರೀಕ್ಷೆಯಲ್ಲಿ ದೋಷ ಕಿವಿಯದೆಂದು ತಿಳಿದುಬಂದರೆ? ಹೆಚ್ಚಾಗಿ ಅದು ಗಟ್ಟಿಯಾಗಿ ಕೂತ ಗುಗ್ಗೆಯಾಗಿರುತ್ತದೆ. ಹತ್ತಿಕಡ್ಡಿ ಅದನ್ನು ಇನ್ನೂ ಒಳಕ್ಕೆ ತಳ್ಳುವುದರಿಂದ ವೈದ್ಯರಿಂದಲೇ ತೆಗೆಸಿಕೊಳ್ಳಿ. ಆದರೆ ಒಂದು ಕಿವಿಯ ಶ್ರವಣಶಕ್ತಿ ಒಮ್ಮೆಲೇ ಅಥವಾ ಎರಡು ಮೂರು ದಿನಗಳೊಳಗೆ ಕುಸಿದಿದ್ದರೆ, ನೋವು ಇಲ್ಲದಿದ್ದರೂ, ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಅದು ಒಳಗಿವಿಯ ನರದ ತೊಂದರೆಯಾಗಿದ್ದಲ್ಲಿ ಚಿಕಿತ್ಸೆ ಬೇಗ ಆರಂಭವಾದಷ್ಟೂ ಫಲದ ಆಸೆ ಹೆಚ್ಚು. ಇಯರ್‌ಫೋನ್ ಕೆಟ್ಟಿದೆ ಎಂದುಕೊಂಡು ಹೊಸದನ್ನು ತರಿಸಿ, ಅದು ಬರುವವರೆಗೆ ವಾರಗಟ್ಟಲೆ ಕಾಯುವುದು ಇಂಥವರ ಪಾಲಿಗೆ ದುಬಾರಿಯಾಗಬಲ್ಲದು. ಮಂದವಾದ ಬದಿಗಾಗಿ ವಾಲ್ಯೂಮ್ ಏರಿಸುವ ಅಭ್ಯಾಸವೂ ಒಳ್ಳೆಯದಲ್ಲ, ಏಕೆಂದರೆ ಆ ಹೆಚ್ಚುವರಿ ಸದ್ದನ್ನು ಸಹಿಸಬೇಕಾದದ್ದು ಚೆನ್ನಾಗಿರುವ ಕಿವಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್; ಅಲ್ಲಿಂದ 3 ಡೆಸಿಬಲ್ ಏರಿಸಿದರೆ ಕೇಳಬಹುದಾದ ಅವಧಿ 20 ಗಂಟೆಗೆ ಇಳಿಯುತ್ತದೆ.

ಒಂದು ಕಿವಿ ಶಾಶ್ವತವಾಗಿ ಕೇಳದವರು ಬ್ಯಾಲೆನ್ಸ್ ಪಟ್ಟಿಯನ್ನು ಒಂದು ತುದಿಗೆ ಎಳೆದು ಬಿಡುವುದುಂಟು. ಅದರಿಂದ ಇನ್ನೊಂದು ಬದಿಗೆ ಮುದ್ರಿಸಿದ ವಾದ್ಯವೇ ಅವರಿಗೆ ದಕ್ಕದೆ ಹೋಗುತ್ತದೆ. ಅದೇ ಪಟ್ಟಿಯ ಹತ್ತಿರ ಮೊನೊ ಆಡಿಯೋ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಎಡ-ಬಲಗಳೆರಡೂ ಕಲೆತು ಎರಡೂ ಬದಿಗೆ ಬರುತ್ತವೆ, ಪಿಟೀಲೂ ಮೃದಂಗವೂ ಒಂದೇ ಕಿವಿಗೆ ಕೇಳಿಸುತ್ತವೆ.